ಚೀಟಿಯಲ್ಲಿ ಯಾರ ಹೆಸರು? ಹದಿಹರೆಯದ ಡಿಸ್ಟೋಪಿಯಾ ಕಾದಂಬರಿಗಳನ್ನು ಓದುವ ಬಗೆ

ಹದಿಹರೆಯದವರಿಗಾಗಿ ಬರೆದ ಡಿಸ್ಟೋಪಿಯಾ ಕಾದಂಬರಿಗಳೆಂದರೆ ನನಗೆ ಪ್ರಾಣ. ನಲವತ್ತು ದಾಟಿದ ಮೇಲೂ ಆ ಆಸೆ ಕಡಿಮೆಯಾಗಿಲ್ಲ. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಹೋಗಿ ಬರುವಾಗ ನಾನು ಓದುವುದರಲ್ಲಿ ಇವೇ ಜಾಸ್ತಿ. ಈಗ ಅಕ್ಕನ ಮಗಳೂ ಅವಳ ಗೆಳತಿಯರೂ ಈ ದಾರಿಗೆ ಬಂದಿದ್ದಾರೆ. "ಚಿಕ್ಕಮ್ಮ, ಎಲ್ಲಿಂದ ಶುರು ಮಾಡಲಿ?" ಎಂದು ಅವಳು ಕೇಳುತ್ತಾಳೆ. "ಇಷ್ಟು ಕ್ರೂರವಾದದ್ದನ್ನು ಮಕ್ಕಳು ಓದಬಹುದಾ?" ಎಂದು ಅವರ ಅಮ್ಮಂದಿರು ಕೇಳುತ್ತಾರೆ. ಇಬ್ಬರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆಳುವವರು "ಎಲ್ಲ ಸರಿಯಾಗಿದೆ" ಎನ್ನುತ್ತಾರೆ, ಅಲ್ಲಿ ಬದುಕುವವರಿಗೆ ಮಾತ್ರ ಉಸಿರು ಕಟ್ಟುತ್ತದೆ. ಅಂಥ ಸಮಾಜದ ಕತೆಯೇ ಡಿಸ್ಟೋಪಿಯಾ. ಹೆಚ್ಚಾಗಿ ಅದು ಮುಂದೆಂದೋ ಬರುವ ಕಾಲದಲ್ಲಿ ನಡೆಯುತ್ತದೆ. ದೊಡ್ಡವರ ಡಿಸ್ಟೋಪಿಯಾದಲ್ಲಿ ನಾಯಕ ಆಗಲೇ ಆ ವ್ಯವಸ್ಥೆಯೊಳಗೆ ಬೆಳೆದು, ಅದರ ಕೆಲಸ ಮಾಡಿಕೊಂಡೇ ಬದುಕಿರುತ್ತಾನೆ. 1949ರಲ್ಲಿ ಬಂದ ಜಾರ್ಜ್ ಆರ್ವೆಲ್‌ರ 'ನೈಂಟೀನ್ ಎಯ್ಟಿಫೋರ್' ಹಾಗಿದೆ. ಹದಿಹರೆಯದ ಡಿಸ್ಟೋಪಿಯಾ ಬೇರೆ. ವ್ಯವಸ್ಥೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮೊದಲ ಸಲ ಹೆಸರು ಹಿಡಿದು ಕರೆಯುವ ಹೊತ್ತಿಗೆ ಇಲ್ಲಿ ಕತೆ ಶುರುವಾಗುತ್ತದೆ. ಲೂಯಿಸ್ ಲೌರಿ ಅವರ 'ದಿ ಗಿವರ್'ನಲ್ಲಿ ಹನ್ನೆರಡನೇ ವರ್ಷಕ್ಕೆ ಊರ ಹಿರಿಯರು ಮಕ್ಕಳಿಗೆ ಜೀವನದ ಕೆಲಸ ಹಂಚುತ್ತಾರೆ. ವೆರೊನಿಕಾ ರಾತ್ ಅವರ 'ಡೈವರ್ಜೆಂಟ್'ನಲ್ಲಿ ಹದಿನಾರಕ್ಕೆ ಐದು ಪಂಗಡಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸ್ಕಾಟ್ ವೆಸ್ಟರ್‌ಫೆಲ್ಡ್ ಅವರ 'ಅಗ್ಲೀಸ್'ನಲ್ಲಿ ಅದೇ ಹದಿನಾರಕ್ಕೆ ಎಲ್ಲರನ್ನೂ ಆಪರೇಷನ್ ಮಾಡಿ ಚೆಂದ ಮಾಡುತ್ತಾರೆ. ಹತ್ತನೇ ಕ್ಲಾಸಿನ ರಿಸಲ್ಟು ಬಂದ ಸಂಜೆಯೇ "ಸೈನ್ಸಾ, ಕಾಮರ್ಸಾ?" ಎಂದು ಬಿಲ್ಡಿಂಗಿನವರೆಲ್ಲ ಕೇಳುವ ಮಕ್ಕಳಿಗೆ ಇದು ದೂರದ ಕತೆ ಅನ್ನಿಸುವುದೇ ಇಲ್ಲ.

ನನ್ನ ಸಲಹೆ ಮುಖ್ಯವಾಗಿ ಒಂದೇ. ನಾಯಕಿಯ ಹಿಂದೆ ಓಡುವ ಮೊದಲು ಆ ಊರು ಯಾವ ನಿಯಮದ ಮೇಲೆ ನಿಂತಿದೆ ಎಂದು ಹುಡುಕಿ. ಆ ನಿಯಮದಿಂದ ಯಾರ ಮನೆ ತುಂಬುತ್ತದೆ, ಯಾರ ಮನೆ ಬರಿದಾಗುತ್ತದೆ ಎಂದು ನೋಡುತ್ತಾ ಹೋಗಿ. ಈ ಪುಸ್ತಕಗಳ ನಿಜವಾದ ರುಚಿ ಅಲ್ಲಿದೆ.

ಮೊದಲ ಪುಸ್ತಕ ಸಣ್ಣದಿರಲಿ

ಈ ಜಾತಿಯ ಪುಸ್ತಕ ಒಂದೂ ಓದದವರು 'ದಿ ಗಿವರ್' ಹಿಡಿಯಿರಿ. 1993ರಲ್ಲಿ ಬಂತು, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಪಡೆಯಿತು. ಇಪ್ಪತ್ತಮೂರೇ ಅಧ್ಯಾಯ, ಎಲ್ಲವೂ ಚಿಕ್ಕವು. ಇಂಗ್ಲಿಷ್ ಬಹಳ ಸರಳ. ಕನ್ನಡ ಮೀಡಿಯಂನಲ್ಲಿ ಕಲಿತ ದೊಡ್ಡವರಿಗೂ ಕಷ್ಟವಾಗುವುದಿಲ್ಲ. ಕತೆಯ ಊರಿನಲ್ಲಿ ಕತ್ತಿ ಇಲ್ಲ, ಬಂದೂಕು ಇಲ್ಲ, ಕಿರುಚಾಟ ಇಲ್ಲ. ಎಲ್ಲರೂ ಒಬ್ಬರಿಗೊಬ್ಬರು ಮರ್ಯಾದೆಯಿಂದ ಮಾತಾಡುತ್ತಾರೆ, ತಪ್ಪು ಮಾಡಿದರೆ ಕ್ಷಮೆ ಕೇಳುತ್ತಾರೆ, ರಾತ್ರಿ ಊಟದ ಹೊತ್ತಿಗೆ ಮನೆಯವರೆಲ್ಲ ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುತ್ತಾರೆ. ಓದುತ್ತಾ "ಪರವಾಗಿಲ್ವೇ, ಒಳ್ಳೆಯ ಊರು" ಅನ್ನಿಸುತ್ತದೆ. ಹಾಗನ್ನಿಸಲಿ. ಆ ನೆಮ್ಮದಿ ಎಲ್ಲಿ ಅಲುಗಾಡಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಕಡೆ ಅಲುಗಾಡುತ್ತದೆ. ಒಂದು ಮಾತು ಪದೇ ಪದೇ ಬರುತ್ತದೆ: ಯಾರನ್ನೋ "ಬಿಡುಗಡೆ" ಮಾಡಿದರು ಅಂತ. ಅದರ ಅರ್ಥವನ್ನು ಮೊದಲೇ ಗೂಗಲ್ ಮಾಡಬೇಡಿ. ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.

ಇದು ಮುಗಿದ ಮೇಲೆ ಸುಜಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್'ಗೆ ಹೋಗಿ. 2008ರ ಪುಸ್ತಕ. ಕತೆ ಎಷ್ಟು ವೇಗವಾಗಿ ಓಡುತ್ತದೆ ಎಂದರೆ ಇಳಿಯಬೇಕಾದ ಸ್ಟೇಷನ್ ಮರೆತುಹೋಗುತ್ತದೆ.

ನಿಯಮ ಹುಡುಕುವುದು, ಲೆಕ್ಕ ಹಾಕುವುದು

'ಹಂಗರ್ ಗೇಮ್ಸ್' ಓದುವ ಹೆಚ್ಚಿನವರಿಗೆ ಮಕ್ಕಳು ಮಕ್ಕಳನ್ನು ಕೊಲ್ಲುವ ಆಟ ಯಾವಾಗ ಶುರುವಾಗುತ್ತದೋ ಎಂಬ ಅವಸರ. ಕಾದಂಬರಿಯಲ್ಲಿ ಒಟ್ಟು ಇಪ್ಪತ್ತೇಳು ಅಧ್ಯಾಯ. ಆಟದ ಗಡಿಯಾರ ಓಡುವುದು ಹನ್ನೊಂದನೆಯದರಲ್ಲಿ. ಅದಕ್ಕೆ ಮೊದಲಿನದ್ದನ್ನು ಬೇಗ ಬೇಗ ತಿರುವಿಹಾಕುತ್ತಾರೆ. ನನ್ನ ಮಟ್ಟಿಗೆ ಪುಸ್ತಕದ ಅತಿ ಭಯಾನಕ ಭಾಗ ಮೊದಲನೇ ಅಧ್ಯಾಯದಲ್ಲೇ ಇದೆ. ಅಲ್ಲಿ ಯಾರೂ ಸಾಯುವುದಿಲ್ಲ. ಚೀಟಿಗಳ ಲೆಕ್ಕವಿದೆ, ಅಷ್ಟೇ.

ಪ್ಯಾನೆಮ್ ಎಂಬ ದೇಶ. ನಡುವೆ ಸಿರಿವಂತ ರಾಜಧಾನಿ ಕ್ಯಾಪಿಟಲ್, ಸುತ್ತ ಹನ್ನೆರಡು ಡಿಸ್ಟ್ರಿಕ್ಟ್. ಹನ್ನೆರಡರಿಂದ ಹದಿನೆಂಟು ವಯಸ್ಸಿನ ಮಕ್ಕಳ ಹೆಸರನ್ನು ವರ್ಷಕ್ಕೊಮ್ಮೆ ಚೀಟಿ ಎತ್ತಿ ಆಟಕ್ಕೆ ಕಳಿಸುತ್ತಾರೆ. ಹನ್ನೆರಡಕ್ಕೆ ಒಂದು ಚೀಟಿ, ಹದಿಮೂರಕ್ಕೆ ಎರಡು, ಹೀಗೆ ಹದಿನೆಂಟಕ್ಕೆ ಏಳು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ನಿಯಮ. ಇದಾದ ಮೇಲೆ ಕಾಲಿನ್ಸ್ ಒಂದು ಸಣ್ಣ ಸಾಲು ಸೇರಿಸುತ್ತಾರೆ. ಮನೆಯಲ್ಲಿ ಹಸಿವಿದ್ದರೆ ಇನ್ನೊಂದು ಚೀಟಿ ಹಾಕಿಸಬಹುದು. ಬದಲಿಗೆ ಒಬ್ಬರಿಗೆ ವರ್ಷಕ್ಕೆ ಸಾಕಾಗುವಷ್ಟು, ಅದೂ ಅರೆಹೊಟ್ಟೆಗೆ, ಧಾನ್ಯ ಮತ್ತು ಎಣ್ಣೆ ಸಿಗುತ್ತದೆ. ಅದಕ್ಕೆ ಟೆಸೆರಾ ಎಂದು ಹೆಸರು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಪಡೆಯಬಹುದು. ಹಾಕಿಸಿದ ಚೀಟಿ ಮಾತ್ರ ಮುಂದಿನ ವರ್ಷವೂ ಡಬ್ಬಿಯಲ್ಲೇ ಇರುತ್ತದೆ.

ಈ ಪುಟ ಬಂದಾಗ ನಿಲ್ಲಿ. ಪುಸ್ತಕ ಮಡಚಿ ಒಂದು ಕಾಗದ ತಗೊಳ್ಳಿ. ಕತೆಯ ನಾಯಕಿ ಕ್ಯಾಟ್ನಿಸ್‌ಗೆ ಹದಿನಾರು ವರ್ಷ, ಅಂದರೆ ಮಾಮೂಲಿನ ಐದು ಚೀಟಿ. ತನಗೆ, ತಂಗಿಗೆ, ತಾಯಿಗೆ ಎಂದು ವರ್ಷಕ್ಕೆ ಮೂರು ಟೆಸೆರಾ, ಐದು ವರ್ಷ. ಒಟ್ಟು ಇಪ್ಪತ್ತು. ಅವಳ ಗೆಳೆಯ ಗೇಲ್‌ಗೆ ಹದಿನೆಂಟು, ಮನೆಯಲ್ಲಿ ಐದು ಹೊಟ್ಟೆ. ಏಳು ಮಾಮೂಲಿ, ಮೂವತ್ತೈದು ಟೆಸೆರಾ, ಒಟ್ಟು ನಲವತ್ತೆರಡು. ಅದೇ ಊರಿನ ಮೇಯರನ ಮಗಳಿಗೆ ಟೆಸೆರಾ ಬೇಕಾಗಿಯೇ ಇಲ್ಲ. ನಾನು ಅಕ್ಕನ ಮಗಳ ಕೈಯಲ್ಲಿ ಈ ಲೆಕ್ಕ ಮಾಡಿಸಿದೆ. ಅವಳು ಪೆನ್ನು ಕೆಳಗಿಟ್ಟು, "ಅಂದ್ರೆ ರೇಷನ್ ತಗೊಂಡಷ್ಟೂ ಸಾಯೋ ಚಾನ್ಸ್ ಜಾಸ್ತಿ, ಅಲ್ವಾ?" ಎಂದಳು. ಅದೇ ನಿಯಮ. ಚೀಟಿ ಎತ್ತುವುದು ಅದೃಷ್ಟದ ಮಾತು ಎಂದು ಕಾಣುತ್ತದೆ, ಒಳಗೆ ಬಡವರ ಕಡೆಗೇ ವಾಲಿದೆ. ಇನ್ನೂ ಒಂದಿದೆ. ಗೇಲ್‌ಗೆ ಸಿಟ್ಟು ಬರುವುದು ಕ್ಯಾಪಿಟಲ್ ಮೇಲಷ್ಟೇ ಅಲ್ಲ, ಮೇಯರನ ಮಗಳ ಮೇಲೂ. ಡಿಸ್ಟ್ರಿಕ್ಟಿನವರು ತಮ್ಮತಮ್ಮಲ್ಲೇ ಹೀಗೆ ಒಡೆದಿದ್ದರೆ ಕ್ಯಾಪಿಟಲ್‌ಗೆ ಅನುಕೂಲ ಎಂಬುದು ಅವನಿಗೇ ಗೊತ್ತು. ಮುಂದಿನ ಎರಡು ಪುಸ್ತಕಗಳ ದಂಗೆಯೆಲ್ಲ ಈ ಎರಡು ಪುಟಗಳಿಂದ ಹುಟ್ಟುತ್ತದೆ.

ಇಷ್ಟು ಗೊತ್ತಿದ್ದು ಓದಿದರೆ, ಚೀಟಿ ಎತ್ತಿದ ದಿನ ಯಾರ ಹೆಸರು ಬಂತು ಎನ್ನುವುದು ಎದೆಗೆ ತಟ್ಟುತ್ತದೆ. ಒಂದೇ ಒಂದು ಚೀಟಿ ಇದ್ದ ಹನ್ನೆರಡರ ಹುಡುಗಿ ಅವಳು.

ಹೊಸ ಪುಸ್ತಕ ಹಿಡಿದಾಗಲೆಲ್ಲ ಮೊದಲ ಐವತ್ತು ಪುಟದಲ್ಲಿ ಇದನ್ನೇ ಮಾಡಿ. ಯಾವುದು ಹಂಚಿಕೆಯಾಗುತ್ತಿದೆ, ಅನ್ನವೋ, ಕೆಲಸವೋ, ರೂಪವೋ, ಆಯುಷ್ಯವೋ? ಹಂಚುವವರು ಯಾರು? ನಿಯಮ ಮುರಿದವರಿಗೆ ಏನಾಗುತ್ತದೆ, ಮತ್ತು ಅದನ್ನು ಎಲ್ಲರ ಮುಂದೆ ಮಾಡುತ್ತಾರೋ ಗುಟ್ಟಾಗಿ ಮಾಡುತ್ತಾರೋ? ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಎರಡು ಸಾಲು ಬರೆದಿಡಿ, ಸಾಕು. ನೀಲ್ ಶುಸ್ಟರ್‌ಮನ್ ಅವರ 'ಸೈದ್' (2016) ಓದುವಾಗ ಈ ಅಭ್ಯಾಸ ತುಂಬಾ ಕೆಲಸಕ್ಕೆ ಬರುತ್ತದೆ. ಅಲ್ಲಿ ಕಾಯಿಲೆಯೂ ಸಾವೂ ಇಲ್ಲ. ಜನಸಂಖ್ಯೆ ಮಿತಿಯಲ್ಲಿಡಲು ಕೊಲ್ಲುವ ಅಧಿಕಾರ ಪಡೆದ ಕೆಲವರಿದ್ದಾರೆ. ಅವರ ಕೈಕೆಳಗೆ ಇಬ್ಬರು ಮಕ್ಕಳು ಆ ಕೆಲಸ ಕಲಿಯಲು ಸೇರುತ್ತಾರೆ. ಕೆಟ್ಟ ನಿಯಮ ಎನ್ನುವುದು ಸುಲಭ. ಇದಕ್ಕಿಂತ ಒಳ್ಳೆಯದೊಂದನ್ನು ನೀವು ಹೇಳಿ ಎಂದರೆ ಬಾಯಿ ಕಟ್ಟುತ್ತದೆ.

ನಿಯಮವೇ ಗಟ್ಟಿಯಿಲ್ಲದ ಪುಸ್ತಕಗಳೂ ಬೇಕಾದಷ್ಟಿವೆ. 'ಹಂಗರ್ ಗೇಮ್ಸ್' ಗೆದ್ದ ಮೇಲೆ ಅಂಥವು ಸಾಲುಗಟ್ಟಿ ಬಂದವು. ಇಬ್ಬರು ಚೆಂದದ ಹುಡುಗರು, ನಡುವೆ ಒಬ್ಬ ಹುಡುಗಿ, ಹಿಂದೆ ಪರದೆಯ ಹಾಗೆ ಒಂದು ಕೆಟ್ಟ ಸರ್ಕಾರ. ನೂರು ಪುಟವಾದರೂ ಆ ಸರ್ಕಾರ ಹೇಗೆ ನಡೆಯುತ್ತದೆ ಎಂದು ತಿಳಿಯದಿದ್ದರೆ ಪುಸ್ತಕ ಬಿಟ್ಟುಬಿಡಿ.

ಮನೆಯಲ್ಲಿ ಕನ್ನಡದಲ್ಲೇ ಮಾತಾಡಿ

ಮುಂಬೈಯಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಕನ್ನಡ ಮಾತಾಡುತ್ತಾರೆ, ಓದುವುದು ಇಂಗ್ಲಿಷಿನಲ್ಲೇ. ಇರಲಿ. ಪುಸ್ತಕ ಇಂಗ್ಲಿಷಿನದಾದರೂ ಅದರ ಬಗ್ಗೆ ಮಾತು ಮನೆಯ ಭಾಷೆಯಲ್ಲಿ ನಡೆಯಲಿ. ಕತೆಯನ್ನು ಅಜ್ಜಿಗೆ ಹೇಳಲು ಹೇಳಿ. ನಮ್ಮ ಮನೆಯಲ್ಲಿ 'ಹಂಗರ್ ಗೇಮ್ಸ್' ಕತೆ ಕೇಳಿದ ನನ್ನ ಅಮ್ಮ, "ಇದು ನಮ್ಮ ಬಕಾಸುರನ ಕತೆಯಲ್ವಾ?" ಎಂದರು.

ಹೌದಲ್ಲ! ಏಕಚಕ್ರ ನಗರ. ದಿನಕ್ಕೊಂದು ಮನೆಯಿಂದ ಒಂದು ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡೆಯುವ ಒಬ್ಬ ಮನುಷ್ಯ. ಬಕಾಸುರ ಎಲ್ಲವನ್ನೂ ತಿನ್ನುತ್ತಾನೆ. ಊರಿನವರೇ ಸರದಿ ಗೊತ್ತುಮಾಡಿಕೊಂಡು ಬದುಕುತ್ತಿದ್ದಾರೆ. ಪಾಂಡವರು ಉಳಿದುಕೊಂಡ ಬ್ರಾಹ್ಮಣನ ಮನೆಗೆ ಸರದಿ ಬಂದಾಗ, ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಮನೆಮಂದಿಯೆಲ್ಲ ಅಳುತ್ತಾರೆ. ಯಕ್ಷಗಾನದಲ್ಲಿ ಬಕಾಸುರ ವಧೆ ನೋಡಿದವರಿಗೆ ಭೀಮ ಅನ್ನ ಉಣ್ಣುವ ಸೊಗಸು ನೆನಪಿರುತ್ತದೆ. ಈಗ ಆ ಸರದಿಯ ಬಗ್ಗೆ ಯೋಚಿಸಿ ನೋಡಿ. ಕಾಲಿನ್ಸ್ ತಮ್ಮ ಕತೆಗೆ ಗ್ರೀಕರ ಥೀಸಿಯಸ್ ಪುರಾಣ ಒಂದು ಮೂಲ ಎಂದು ಹೇಳಿದ್ದಾರೆ. ಅಲ್ಲಿ ಅಥೆನ್ಸಿನ ಏಳು ಹುಡುಗರು, ಏಳು ಹುಡುಗಿಯರು ಕ್ರೀಟ್ ದ್ವೀಪದ ಗೂಳಿಮುಖದ ಮಿನೊಟಾರ್‌ಗೆ ಆಹಾರವಾಗಬೇಕು. ಅಮ್ಮನಿಗೆ ಥೀಸಿಯಸ್ ಗೊತ್ತಿಲ್ಲ. ಆದರೂ ಅವರ ಮಾತು ನೆಟ್ಟಗೆ ಕತೆಯ ಬೇರಿಗೆ ಹೋಯಿತು. ಆ ರಾತ್ರಿ ನಮ್ಮ ಮನೆಯಲ್ಲಿ ವಾದವೋ ವಾದ. ಭೀಮ ಬಾರದಿದ್ದರೆ ಏಕಚಕ್ರದವರು ಎಷ್ಟು ತಲೆಮಾರು ಬಂಡಿ ಕಳಿಸುತ್ತಿದ್ದರು? ಊರು ಬಿಟ್ಟು ಹೋಗಬಹುದಿತ್ತಲ್ಲ? ಹೋಗಲು ಬಿಡದಿರುವುದು ಯಾವುದು?

ಮಕ್ಕಳ ಜೊತೆ ಇಂಥ ಪ್ರಶ್ನೆ ಎತ್ತಿ. "ಇದರಿಂದ ಏನು ಕಲಿತೆ?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಂದ ತಕ್ಷಣ ಅವರು ಪುಸ್ತಕ ಮುಚ್ಚಿ ಫೋನ್ ತೆರೆಯುತ್ತಾರೆ.

ಯಾರ ಕಣ್ಣಿಂದ ನೋಡುತ್ತಿದ್ದೀರಿ

'ಹಂಗರ್ ಗೇಮ್ಸ್', 'ಡೈವರ್ಜೆಂಟ್' ಎರಡರಲ್ಲೂ ನಾಯಕಿಯೇ "ನಾನು" ಎಂದು ಕತೆ ಹೇಳುತ್ತಾಳೆ. ಅದೂ ನಡೆಯುತ್ತಿರುವಾಗಲೇ. ಮುಂದೇನಾಯಿತು ಎಂದು ಅವಳಿಗೂ ಗೊತ್ತಿಲ್ಲ. ಓದಲು ಹಿಡಿತ ಸಿಗುವುದು ಇದರಿಂದಲೇ. ಆದರೆ ಅವಳು ತಪ್ಪು ತಿಳಿದುಕೊಂಡದ್ದನ್ನು ನಾವೂ ತಪ್ಪಾಗಿಯೇ ತಿಳಿಯುತ್ತೇವೆ. ಕ್ಯಾಟ್ನಿಸ್ ತನ್ನ ಡಿಸ್ಟ್ರಿಕ್ಟಿನಿಂದಲೇ ಆಟಕ್ಕೆ ಬಂದ ಹುಡುಗ ಪೀಟಾನ ಮನಸ್ಸನ್ನು ಎಷ್ಟು ಕಡೆ ತಪ್ಪಾಗಿ ಓದುತ್ತಾಳೆ ಎಂದು ಎರಡನೇ ಸಲ ಓದಿದಾಗ ಗೊತ್ತಾಗುತ್ತದೆ. ಅವಳು ಹೇಳುವುದನ್ನು ನಂಬಿ, ಅವಳ ಊಹೆಯನ್ನು ಮಾತ್ರ ಅನುಮಾನದಿಂದ ನೋಡಿ.

ಹಾಗಾಗಿ ಸಿನಿಮಾ ಆಮೇಲೆ. 2012ರ 'ಹಂಗರ್ ಗೇಮ್ಸ್' ಚಿತ್ರ ಚೆನ್ನಾಗಿಯೇ ಇದೆ. ಆದರೆ ಕ್ಯಾಮೆರಾ ಕ್ಯಾಟ್ನಿಸ್‌ಳನ್ನು ಬಿಟ್ಟು ಆಟ ನಡೆಸುವವರ ಕೋಣೆಗೂ ಹೋಗುತ್ತದೆ. ಪುಸ್ತಕದಲ್ಲಿ ಆ ಕೋಣೆಯೊಳಗೆ ನಮಗೆ ಪ್ರವೇಶವಿಲ್ಲ. ಕಾಡಿನಲ್ಲಿ ಬೆಂಕಿ ಯಾಕೆ ಹತ್ತಿತು ಎಂದು ಅವಳ ಜೊತೆ ಓಡುತ್ತಲೇ ಯೋಚಿಸಬೇಕು. ಆ ಹೆದರಿಕೆ ಒಂದು ಸಲ ಮಾತ್ರ ಸಿಗುತ್ತದೆ, ಮೊದಲೇ ಸಿನಿಮಾ ನೋಡಿ ಕಳೆದುಕೊಳ್ಳಬೇಡಿ.

ಸರಣಿ, ಅನುಕ್ರಮ, ಪುಸ್ತಕ ಸಿಗುವ ಜಾಗ

ಪ್ರಕಟವಾದ ಕ್ರಮದಲ್ಲೇ ಓದಿ. 'ಹಂಗರ್ ಗೇಮ್ಸ್'ನ ಮೊದಲ ಮೂರು 2008, 2009, 2010ರಲ್ಲಿ ಬಂದವು. 2020ರ 'ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಆ್ಯಂಡ್ ಸ್ನೇಕ್ಸ್' ಮತ್ತು 2025ರ 'ಸನ್‌ರೈಸ್ ಆನ್ ದಿ ರೀಪಿಂಗ್' ಹಿಂದಿನ ಕಾಲದ ಕತೆ ಹೇಳುತ್ತವೆ. ಆದರೂ ಕೊನೆಗೇ ಓದಿ. ಯಾರು ಮುಂದೆ ಏನಾಗುತ್ತಾರೆ ಎಂದು ತಿಳಿದಿದ್ದಾಗಲೇ ಅವು ಚುಚ್ಚುತ್ತವೆ. 'ದಿ ಗಿವರ್'ಗೆ ಮುಂದೆ ಮೂರು ಪುಸ್ತಕಗಳಿವೆ, ಕೊನೆಯದು 2012ರ 'ಸನ್'. ಮೊದಲನೆಯದರ ಕೊನೆ ಅರ್ಧಕ್ಕೆ ಬಿಟ್ಟಂತಿದೆ. ಕೂಡಲೇ ಎರಡನೆಯದಕ್ಕೆ ಹಾರಬೇಡಿ, ಸ್ವಲ್ಪ ದಿನ ಆ ಕೊನೆಯ ಜೊತೆ ಇರಿ.

ಹಳೆ ಪುಸ್ತಕಕ್ಕೆ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್ ಮತ್ತು ಫೋರ್ಟಿನ ಫ್ಲೋರಾ ಫೌಂಟನ್ ಆಸುಪಾಸು ನೋಡಿ. ಈ ಸರಣಿಗಳು ಅಲ್ಲಿ ಆಗಾಗ ಸಿಗುತ್ತವೆ. ಬಿಲ್ಡಿಂಗಿನ ಹತ್ತಿರದ ರದ್ದಿ ಅಂಗಡಿಯಲ್ಲೂ ಕೇಳಿ, ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮನೆಗಳು ಖಾಲಿ ಮಾಡುತ್ತವೆ. ಕೊಳ್ಳುವ ಮೊದಲು ಪುಟಸಂಖ್ಯೆ ತಿರುವಿ ನೋಡಿ, ನಕಲಿ ಪ್ರತಿಗಳಲ್ಲಿ ಹಾಳೆ ಬಿಟ್ಟುಹೋಗಿರುತ್ತದೆ. ಹೊಸದೇ ಬೇಕೆಂದರೆ ಫೋರ್ಟಿನ ಕಿತಾಬ್ ಖಾನಾದಲ್ಲಿ ನಿಧಾನವಾಗಿ ಕೂತು ಆರಿಸಬಹುದು. ಡೊಂಬಿವಲಿಯವರಿಗೆ ಪೈ ಫ್ರೆಂಡ್ಸ್ ಲೈಬ್ರರಿ ಇದೆ. ಕಾರಿ ಡಾಕ್ಟೊರೊ ಅವರ 'ಲಿಟಲ್ ಬ್ರದರ್' (2008) ಅನ್ನು ಲೇಖಕರೇ ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಕೊಟ್ಟಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಂಬ್ ಸ್ಫೋಟವಾದ ಮೇಲೆ ಸರ್ಕಾರ ಎಲ್ಲರ ಮೇಲೂ ಕಣ್ಣಿಡುವ ಕತೆ. ಫೋನ್‌ನಲ್ಲಿ ಓದುವ ಮಕ್ಕಳಿಗೆ ಫೋನ್‌ನ ಬಗ್ಗೆಯೇ ಯೋಚನೆ ಹುಟ್ಟಿಸುತ್ತದೆ.

ಲೋಕಲ್‌ನಲ್ಲಿ ಓದುವವರಿಗೆ ಒಂದು ಮಾತು. ಗರ್ದಿ ಇರುವಾಗ ಅಧ್ಯಾಯದ ಮಧ್ಯೆ ನಿಲ್ಲಬೇಕಾಗುತ್ತದೆ. ಮತ್ತೆ ತೆರೆದಾಗ ಅರ್ಧ ಪುಟ ಹಿಂದಿನಿಂದ ಓದಿ. 'ಡೈವರ್ಜೆಂಟ್'ನಲ್ಲಿ ಧೈರ್ಯವಂತರ ಪಂಗಡದವರು ಓಡುವ ಟ್ರೈನಿಗೆ ಹಾರಿ ಹತ್ತುತ್ತಾರೆ, ಹಾರಿ ಇಳಿಯುತ್ತಾರೆ. ಕತೆ ನಡೆಯುವ ಷಿಕಾಗೊದ ಓದುಗರಿಗೆ ಅದು ಸಾಹಸ. ಡಬ್ಬಾದ ಬಾಗಿಲಲ್ಲಿ ಒಂದೇ ಕಾಲೂರಿ ನಿಂತು ಹೋಗುವವರನ್ನು ದಿನಾ ನೋಡುವ ನಮಗೆ ಅದು ಬೇರೆ ಥರ ಕಾಣುತ್ತದೆ. ನಾನಂತೂ ಮಕ್ಕಳಿಗೆ ಅದನ್ನು ಬಾಯಿಬಿಟ್ಟು ಹೇಳುತ್ತೇನೆ.

ಎಷ್ಟು ವಯಸ್ಸಿಗೆ ಯಾವುದು

ಅಮ್ಮಂದಿರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. 'ದಿ ಗಿವರ್' ಹನ್ನೊಂದು, ಹನ್ನೆರಡಕ್ಕೆ ಕೊಡಬಹುದು, ಆದರೆ ನೀವೂ ಜೊತೆಗೆ ಓದಿ. 'ಹಂಗರ್ ಗೇಮ್ಸ್' ಹದಿಮೂರರ ಮೇಲೆ. ಶುಸ್ಟರ್‌ಮನ್ ಅವರ 'ಅನ್‌ವೈಂಡ್' (2007) ಹದಿನೈದಕ್ಕೆ ಮೊದಲು ಬೇಡ. ಬೇಡವಾದ ಮಕ್ಕಳ ಅಂಗಾಂಗಗಳನ್ನು ಬಿಡಿಸಿ ಬೇರೆಯವರಿಗೆ ಜೋಡಿಸುವ ಕತೆ ಅದು. ಅದರಲ್ಲಿನ ಒಂದು ಅಧ್ಯಾಯ ದೊಡ್ಡವರಿಗೂ ನಿದ್ದೆ ಕೆಡಿಸುತ್ತದೆ. ಮಗು ನಡುವೆ ಓದು ನಿಲ್ಲಿಸಿದರೆ ನಿಲ್ಲಿಸಲಿ. ಬಚ್ಚಿಟ್ಟರೆ ಗೆಳತಿಯ ಬ್ಯಾಗಿನಿಂದ ತಂದು ಓದುತ್ತದೆ, ಆಗ ಕೇಳಲು ಯಾರೂ ಇರುವುದಿಲ್ಲ.

ಮ್ಯಾಲರಿ ಬ್ಲ್ಯಾಕ್‌ಮನ್ ಅವರ 'ನಾಟ್ಸ್ ಆ್ಯಂಡ್ ಕ್ರಾಸಸ್' (2001) ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಲ್ಲಿ ಕಪ್ಪು ಜನ ಆಳುವವರು, ಬಿಳಿಯರು ಕೆಳಗಿನವರು. ಎರಡು ಕಡೆಯ ಹುಡುಗ ಹುಡುಗಿ ಚಿಕ್ಕಂದಿನಿಂದ ಗೆಳೆಯರು. ಯಾರು ಯಾರ ಜೊತೆ ಕೂತು ಉಣ್ಣಬಹುದು, ಯಾವ ಶಾಲೆಗೆ ಯಾರು ಬರಬಹುದು ಎಂಬ ಮಾತು ಬಂದಾಗಲೆಲ್ಲ ನಮ್ಮ ಊರಿನ ಜಾತಿ ಕಣ್ಣಿಗೆ ಕಟ್ಟುತ್ತದೆ. ಮಕ್ಕಳು ಇದನ್ನು ಓದಿ ಮನೆಯ ಹಿರಿಯರನ್ನು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡಲು ತಯಾರಾಗಿರಿ.

ಪುಸ್ತಕದಿಂದ ತಲೆ ಎತ್ತಿ ನೋಡಿ

ಒಳ್ಳೆಯ ಡಿಸ್ಟೋಪಿಯಾ ಬರೆಯುವವರು ಆಗಲೇ ನಡೆದ ಒಂದು ಸಂಗತಿಯನ್ನು ಹಿಡಿದು ಎಳೆಯುತ್ತಾರೆ. ಆ ಸಂಗತಿಗಳು ನಮ್ಮ ಮುಂಬೈಯಲ್ಲೂ ಇವೆ. 1896ರಲ್ಲಿ ಇಲ್ಲಿ ಪ್ಲೇಗ್ ಬಂತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಅಧಿಕಾರಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿ ಎತ್ತಿಕೊಂಡು ಹೋದರು. ಸಾವಿರಾರು ಜನ ಊರು ಬಿಟ್ಟರು. 2020ರಲ್ಲಿ ಕೊರೊನಾ ಬಂದಾಗ ಬಳಸಿದ್ದೂ ಅದೇ 1897ರ ಕಾಯ್ದೆಯನ್ನೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಸಮುದ್ರ ಊರನ್ನು ನುಂಗುವ ಕತೆ ಓದುವಾಗ ಆ ರಾತ್ರಿ ಇಲ್ಲಿದ್ದವರಿಗೆ ಕಲ್ಪನೆಯ ಕಷ್ಟವೇ ಇಲ್ಲ.

ಅಂಥ ಕತೆ ಬೇಕಾದರೆ ಪಾವೊಲೊ ಬಾಚಿಗಲುಪಿ ಅವರ 'ಶಿಪ್ ಬ್ರೇಕರ್' (2010) ಓದಿ. ಅಮೆರಿಕದ ಮುಳುಗಿದ ಕರಾವಳಿಯಲ್ಲಿ ಹಳೆ ಹಡಗುಗಳೊಳಗೆ ತೂರಿ ತಾಮ್ರದ ತಂತಿ ಕೀಳುವ ಒಬ್ಬ ಹುಡುಗನಿದ್ದಾನೆ. ಮೈ ಬೆಳೆದರೆ ಕಿಂಡಿಯಲ್ಲಿ ತೂರಲಾಗುವುದಿಲ್ಲ, ಕೆಲಸ ಹೋಗುತ್ತದೆ. ಆ ನಿಯಮ ಎಷ್ಟು ಸಣ್ಣದು, ಎಷ್ಟು ಭೀಕರ ನೋಡಿ! ಹಾರ್ಬರ್ ಲೈನಿನ ರೇ ರೋಡ್ ಸ್ಟೇಷನ್ ಹತ್ತಿರ ದಾರುಖಾನಾ ಇದೆಯಲ್ಲ, ಅಲ್ಲಿ ಹಡಗು ಒಡೆಯುವುದನ್ನು ನೆನೆದುಕೊಂಡು ಓದಿ.

ಹದಿನಾರು ಹದಿನೇಳಾದವರು ಮುಂದಿನ ಮೆಟ್ಟಿಲಿಗೆ ಮಂಜುಳಾ ಪದ್ಮನಾಭನ್ ಅವರ ನಾಟಕ 'ಹಾರ್ವೆಸ್ಟ್' ತಗೊಳ್ಳಬಹುದು. 1997ರಲ್ಲಿ ಗ್ರೀಸಿನ ಒನಾಸಿಸ್ ಬಹುಮಾನ ಪಡೆದ ನಾಟಕ. ನಡೆಯುವುದು 2010ರ ಮುಂಬೈಯಲ್ಲಿ, ಅಂದರೆ ಬರೆದಾಗ ಅದು ಭವಿಷ್ಯ. ಒಂದೇ ಕೋಣೆಯ ಸಂಸಾರ, ಕೆಲಸ ಹೋದ ಗಂಡ, ದೇಹದ ಅಂಗ ಕೊಳ್ಳುವ ಪರದೇಶದ ಕಂಪನಿ. ಕಂಪನಿಯವರು ಮನೆಗೆ ಒಳ್ಳೆಯ ಊಟ, ಸ್ನಾನದ ಕೋಣೆ ಎಲ್ಲ ಕೊಡುತ್ತಾರೆ. ಟೆಸೆರಾದ ಲೆಕ್ಕ ಹಾಕಿದವರಿಗೆ ಈ ಊಟದ ಬೆಲೆ ಕೂಡಲೇ ಗೊತ್ತಾಗುತ್ತದೆ.

ಕನ್ನಡ ಓದಲು ಬರುವವರು ಯಶವಂತ ಚಿತ್ತಾಲರ 'ಶಿಕಾರಿ'ಗೆ (1979) ಬನ್ನಿ. ಇದು ಡಿಸ್ಟೋಪಿಯಾ ಅಲ್ಲ, ಹದಿಹರೆಯದವರ ಪುಸ್ತಕವೂ ಅಲ್ಲ. ಆದರೆ ಮುಂಬೈಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಾಗಪ್ಪನ ಮೇಲೆ ಸ್ಪಷ್ಟವಾಗಿ ಹೇಳದ ಆರೋಪ ಬಂದು, ಕಾಣದ ಕೈಗಳು ಅವನನ್ನು ಬೇಟೆಯಾಡುತ್ತವೆ. ಭಾಷೆ ಗಟ್ಟಿ, ನಿಧಾನವಾಗಿ ಓದಬೇಕು. ಇಲ್ಲೂ ಅದೇ ಎರಡು ಸಾಲು ಕೊನೆಯ ಹಾಳೆಯಲ್ಲಿ ಬರೆಯಲು ನೋಡಿ: ನಿಯಮ ಯಾವುದು, ಅದನ್ನು ಮಾಡಿದವರು ಯಾರು. ಕ್ಯಾಪಿಟಲ್‌ನ ಹಾಗೆ ಇಲ್ಲಿ ಅವರ ಹೆಸರು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಇದನ್ನು ಒಬ್ಬರೇ ಓದುವುದಕ್ಕಿಂತ ಅಪ್ಪನೋ ಅಮ್ಮನೋ ದಿನಕ್ಕೊಂದಿಷ್ಟು ಪುಟ ಗಟ್ಟಿಯಾಗಿ ಓದಿ ಹೇಳಿದರೆ, ಕನ್ನಡ ಅಕ್ಷರ ಬಾರದ ಮಕ್ಕಳೂ ಜೊತೆಗೆ ಕೂತು ಕೇಳಬಹುದು.